ಕಿಲೋಗೆ ನೂರಾ ಅರವತ್ತು

ಭರಮಸಾಗರದ ಹೆದ್ದಾರಿ ಬದಿ, ತಗಡಿನ ಶೆಡ್ಡಿನಲ್ಲಿ
ರಾತ್ರಿ ಒಂಬತ್ತಕ್ಕೆ ನನ್ನ ಯುರೋಪು ಶುರುವಾಗುತ್ತದೆ.
ಒಂದು ತಕ್ಕಡಿ, ಮೂರು ಟ್ಯೂಬ್‌ಲೈಟು (ಒಂದು ಮಿಣುಕುತ್ತದೆ),
ತೂತು ಕೊರೆದ ಕಬ್ಬಿಣದ ಪಟ್ಟಿ.
ಕಿಲೋಗೆ ನೂರಾ ಅರವತ್ತು ಕಾಯಿ ಹಿಡಿದರೆ ನಲವತ್ತು ರೂಪಾಯಿ,
ಮುಂದಿನ ತೂತಿಗೆ ಇಪ್ಪತ್ತೆರಡು,
ಅದರ ಮುಂದಿನದಕ್ಕೆ ಒಂಬತ್ತು,
ಯಾವುದರಲ್ಲೂ ನುಸುಳದ್ದು ಎಮ್ಮೆಗೆ.

ಮಿಡಿಸೌತೆ. ಇಲ್ಲಿ ಯಾರೂ ತಿನ್ನುವುದಿಲ್ಲ ಇದನ್ನ.
ತಿಪ್ಪಕ್ಕ ಮೊದಲ ವರ್ಷ ಸಾರಿಗೆ ಹಾಕಿ ನೋಡಿದಳಂತೆ,
ಗಂಡ ತಟ್ಟೆ ದೂಡಿ ಎದ್ದು ಹೋದನಂತೆ.
"ತಿನ್ನಾಕಲ್ಲ ಕಣಪ್ಪ, ಇದು ಕೊಡಾಕೆ."

ಬಿತ್ತಿದ ಮೂವತ್ತನೆಯ ದಿನಕ್ಕೆ ಮಿಡಿ ಕಚ್ಚುತ್ತದೆ.
ಆಮೇಲೆ ನಿದ್ದೆಯಿಲ್ಲ.
ಸಂಜೆ ಕಿರುಬೆರಳು, ಬೆಳಗ್ಗೆ ಹೆಬ್ಬೆರಳು,
ಒಂದು ಹೊತ್ತು ಮೈಮರೆತರೆ ಮೊಳಕೈ.
ಬೆಳೆದಷ್ಟೂ ಅಗ್ಗ.
ರಾಗಿ ತೆನೆ ತೂಗಲಿ ಅಂತ ಕಾದ ನಮ್ಮಜ್ಜ
ಬೆಳೆಯಬೇಡ ಬೆಳೆಯಬೇಡ ಅಂತ ಬಳ್ಳಿಯ ಹಿಂದೆ ಓಡುವ ನಮ್ಮನ್ನು ಕಂಡಿದ್ದರೆ
ಎಲಡಿಕೆ ಉಗಿದು ನಗುತ್ತಿದ್ದ.

ಮೂಲೆಯ ಟೀವಿ ಮಾತ್ರ ಬೇರೆ ಹೇಳುತ್ತದೆ.
ದೇಶ ಬೆಳೆಯಿತು, ಇನ್ನೂ ಬೆಳೆಯುತ್ತದೆ,
ಕೋಟು ತೊಟ್ಟವರು ಕೈಕುಲುಕಿ ನಿಂತಿದ್ದಾರೆ,
ಹಿಂದೆ ಎರಡು ಬಾವುಟ: ನಮ್ಮದು,
ಇನ್ನೊಂದು ನೀಲಿ ಬಟ್ಟೆಯಲ್ಲಿ ಚುಕ್ಕಿ ಸುತ್ತಿದ್ದು.
ಪಾಲಯ್ಯ ಎಣಿಸುತ್ತಾನೆ. ಹನ್ನೆರಡು.
"ದೇಶಕ್ಕೊಂದಾ?"
"ಅಲ್ಲ ಕಣೋ, ದೇಶ ಜಾಸ್ತಿ ಅದಾವೆ."
"ಮತ್ಯಾಕೆ ಹನ್ನೆರಡು?"
ನನಗೆ ಗೊತ್ತಿಲ್ಲ. ಕ್ರೇಟು ಇಳಿಸೋ, ಅಂದೆ.

ಆಚೆ ಗುಡ್ಡದ ಮೇಲೆ ಗಾಳಿಫ್ಯಾನುಗಳು,
ಕೆಂಪು ದೀಪ ಒಟ್ಟಿಗೆ ರೆಪ್ಪೆ ಬಡಿಯುತ್ತವೆ.
ಅವುಗಳ ರೆಕ್ಕೆ ಬಂದ ದಿನ ನೆನಪಿದೆ:
ಬಂದರಿನಿಂದ ಬಂದ ಉದ್ದನೆಯ ಲಾರಿ
ಸರ್ಕಲ್ಲಿನಲ್ಲಿ ತಿರುಗಲಾರದೆ ಎರಡು ತಾಸು ನಿಂತಿತ್ತು,
ಬೇವಿನ ಮರದ ಒಂದು ಕೊಂಬೆ ಕಡಿದ ಮೇಲೆ ದಾಟಿತು.
ಆ ಕೊಂಬೆಯ ಕೆಳಗೆ ಪಂಕ್ಚರ್ ಹಾಕುತ್ತಿದ್ದ ಬುಡೇನ್ ಸಾಬ್
ಈಗ ಆಚೆ ಬದಿಗೆ ಕೂರುತ್ತಾನೆ. ಅಲ್ಲೂ ನೆರಳಿದೆ,
ಮಧ್ಯಾಹ್ನದ ತನಕ.

ಹೋದ ಸುಗ್ಗಿಯಲ್ಲಿ ತಪಾಸಣೆಗೆ ಬಂದಳು ಯೋಹಾನ್ನ,
ಜರ್ಮನಿಯವಳು, ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು.
ಯಾವ ಔಷಧಿ ಹೊಡೆದಿರಿ, ಎಷ್ಟು ದಿನ ಬಿಟ್ಟು ಕೊಯ್ದಿರಿ,
ಹೆಂಗಸರಿಗೆ ಶೌಚಾಲಯ ಎಲ್ಲಿ,
ನಾಲ್ಕು ಪುಟ ಬರೆದಳು. ಸುಳ್ಳು ಹೇಳಬಾರದು,
ಶೌಚಾಲಯ ಎದ್ದದ್ದು ಅವಳು ಬರೆದ ಮೇಲೆಯೇ.
ತಿಪ್ಪಕ್ಕನ ಬದುವಿನಲ್ಲಿ ತಟ್ಟನೆ ನಿಂತಳು.
ಬಗ್ಗಿ ಒಂದು ಎಸಳು ಚಿವುಟಿ ಮೂಸಿದಳು.
ಸಬ್ಬಸಿಗೆ.
ಕಣ್ಣು ಮುಚ್ಚಿಯೇ ಏನೋ ಅಂದಳು ತನ್ನ ಭಾಷೆಯಲ್ಲಿ,
ಜೊತೆಗೆ ಬಂದ ಹುಡುಗ ಅದನ್ನು ನಮಗೆ ಹೇಳಲಿಲ್ಲ.
ತಿಪ್ಪಕ್ಕ ಬುತ್ತಿ ಬಿಚ್ಚಿ ಸೊಪ್ಪು ತಟ್ಟಿದ ರೊಟ್ಟಿ ಮುರಿದು ಕೊಟ್ಟಳು.
ನಿಂತೇ ತಿಂದಳು, ಫಾರಂ ಕಂಕುಳಲ್ಲಿ ಸಿಕ್ಕಿಸಿ.
ಆ ಫಾರಮ್ಮಿನಲ್ಲಿ ರೊಟ್ಟಿಗೆ ಕಲಂ ಇರಲಿಲ್ಲ.

ಹೋಗುವಾಗ ಒಂದು ಗಾಜಿನ ಜಾಡಿ ಕೊಟ್ಟಳು.
ಒಳಗೆ ನಮ್ಮವೇ, ತಲೆಕೆಳಗಾಗಿ, ಹಳದಿ ನೀರಿನಲ್ಲಿ,
ನಡುವೆ ಸಬ್ಬಸಿಗೆಯ ಹೂ, ಕೊಡೆ ಬಿಚ್ಚಿ.
ಮುಚ್ಚಳದ ಅಂಕಿಯನ್ನು ಲೆಡ್ಜರಿಗೆ ತಾಳೆ ನೋಡಿದೆ:
ಮಳೆ ಹೊಡೆದ, ಕರೆಂಟಿಲ್ಲದ ಒಂದು ರಾತ್ರಿ
ಮೊಬೈಲ್ ಬೆಳಕಲ್ಲಿ ನಾವು ಆರಿಸಿದ ಲಾಟು.
ಇರಬಹುದು. ಕೊನೆಯ ಅಂಕಿ ಅಳಿಸಿತ್ತು.
ಬೆಲೆ ಯೂರೋದಲ್ಲಿ. ಪಾಲಯ್ಯ ಗುಣಿಸಿದ,
ಮತ್ತೆ ಗುಣಿಸಿದ,
ಮೊಬೈಲು ಜೇಬಿಗಿಟ್ಟ.

ಜಾಡಿ ತೆರೆಯಲು ತಿಪ್ಪಕ್ಕ ಬಿಡುವುದಿಲ್ಲ.
"ಅಷ್ಟು ದೂರ ಹೋಗಿ ಬಂದೈತೆ, ಸುಧಾರಿಸ್ಕಳ್ಳಿ."
ಅವಳ ಬೆರಳಿಗೆ ಪಟ್ಟಿ ಬೇಡ,
ಮುಟ್ಟಿದರೆ ಸಾಕು: ನಲವತ್ತು, ನಲವತ್ತು, ಇಪ್ಪತ್ತೆರಡು.
ಈ ಒಂದು ಮಾತ್ರ ಯಾಕೋ ಅನುಮಾನ.
ಪಟ್ಟಿ ತಂದು ಹಿಡಿಯುತ್ತಾಳೆ.
ತೂತಿನ ಅಂಚಿಗೆ ಸಿಕ್ಕಿದೆ, ಒಳಗೂ ಇಲ್ಲ, ಹೊರಗೂ ಇಲ್ಲ.
ನನ್ನ ಕಡೆ ನೋಡುತ್ತಾಳೆ.
ಲಾರಿ ಹಾರ್ನ್ ಹೊಡೆಯುತ್ತಿದೆ.
ನೂಕು, ಅನ್ನುತ್ತೇನೆ. ಚೂರು ನೂಕು.